ಬಸ್ಸಿಗಾಗಿ ಬಿಟ್ಟ ಹದಿಮೂರನೇ ರೀಲು

ಚಳ್ಳಕೆರೆಯಲ್ಲಿ ಆಗ ಒಂದು ವಾರಪತ್ರಿಕೆ ಬರುತ್ತಿತ್ತು. ನಾಲ್ಕೇ ಪುಟ. ಒಂದರಲ್ಲಿ ರಾಜಕೀಯ, ಇನ್ನೊಂದರಲ್ಲಿ ಶೇಂಗಾ ಧಾರಣೆ, ಮೂರನೆಯದರಲ್ಲಿ ಮದುವೆ, ಮರಣ, ಟೆಂಡರು. ಕೊನೆಯ ಪುಟದಲ್ಲಿ ಅರ್ಧ ರಾಶಿಭವಿಷ್ಯ, ಅರ್ಧ ಸಿನಿಮಾ. ಸಿನಿಮಾ ಬರೆಯುತ್ತಿದ್ದ ಬ್ಯಾಂಕಿನವರೊಬ್ಬರಿಗೆ ದಿಢೀರನೆ ವರ್ಗವಾಗಿ ಆ ಅರ್ಧ ಪುಟ ಖಾಲಿ ಬಿತ್ತು. ಅದು ನನಗೇ ಸಿಗಬೇಕೆಂದು ನಾನು ತೀರ್ಮಾನಿಸಿಬಿಟ್ಟೆ. ಸಂಪಾದಕರು ತೀರ್ಮಾನಿಸಿರಲಿಲ್ಲ, ಅಷ್ಟೇ ವ್ಯತ್ಯಾಸ.

ಬಿ.ಎ. ಮುಗಿಸಿ ಎಣ್ಣೆ ಮಿಲ್ಲಿನಲ್ಲಿ ಚೀಲದ ಮೇಲೆ ಬಣ್ಣದಿಂದ ಗುರುತು ಬರೆಯುವ ಕೆಲಸಕ್ಕೆ ಸೇರಿದ್ದೆ. ಹಾಗೆ ನೋಡಿದರೆ ನನ್ನ ಬರಹ ಆಗಲೇ ನಾಲ್ಕಾರು ಜಿಲ್ಲೆಗೆ ಹೋಗುತ್ತಿತ್ತು. ಆದರೆ ಓದುವವರು ಹಮಾಲರು ಮಾತ್ರ. ನನಗೆ ನನ್ನ ಹೆಸರು ಅಚ್ಚಿನಲ್ಲಿ ನೋಡಬೇಕಿತ್ತು. ಸಂಪಾದಕರ ಮೇಜಿನ ಮುಂದೆ ಹೋಗಿ ನಿಂತೆ.

"ಸಿನಿಮಾ ಬರೀತೀನಿ ಅಂತೀಯಲ್ಲ, ಏನು ನೋಡಿದೀಯಾ?" ಎಂದರು.

"ಎಲ್ಲಾ ನೋಡಿದೀನಿ ಸಾರ್."

"ಎಲ್ಲಾ ನೋಡಿದೋನು ಬೇಡ. ಒಂದನ್ನ ಸರಿಯಾಗಿ ನೋಡಿದೋನು ಬೇಕು." ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಮೊಳಕಾಲ್ಮೂರು ಟಾಕೀಸಲ್ಲಿ ಹಳೇ ಕಪ್ಪು ಬಿಳುಪಿನ ಸಿನಿಮಾ ಹಾಕ್ಯಾರೆ. ರಾಜಕೀಯದ್ದು, ಕೊಲೆಯದ್ದು. ಬುಧವಾರದವರೆಗೆ ಐತಂತೆ. ನೋಡ್ಕೊಂಡು ಬಾ. ಭಾನುವಾರ ನಮ್ಮ ಓದುಗರ ಕೂಟದಾಗೆ ಮಾತಾಡು. ಚೆನ್ನಾಗಿದ್ರೆ ಗುರುವಾರ ಅಚ್ಚಿಗೆ ಹಾಕೋಣ, ಅಂಕಣನೂ ನಿಂದೇ."

"ಚೆನ್ನಾಗಿಲ್ಲಾಂದ್ರೆ ಸಾರ್?"

"ರಾಶಿಭವಿಷ್ಯ ಬರೆಯೋರೂ ಬಿಟ್ಟು ಹೋಗ್ಯಾರೆ. ಅದು ಖಾಲಿ ಐತೆ."

ಶುಕ್ರವಾರ ಮಿಲ್ಲಿಗೆ ಹೊಟ್ಟೆನೋವು ಎಂದು ಹೇಳಿ ಬಸ್ಸು ಹತ್ತಿದೆ. ತಳಕು ದಾಟುವಷ್ಟರಲ್ಲಿ ನಾನು ಪೂರ್ತಿ ವಿಮರ್ಶಕನಾಗಿದ್ದೆ. ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ನು. ಲೈಬ್ರರಿಯಲ್ಲಿ ಒಂದು ಪತ್ರಿಕೆ ಓದಿ ಮೂರು ಪದ ಬಾಯಿಪಾಠ ಮಾಡಿಕೊಂಡಿದ್ದೆ: ನೆರಳು, ಮೌನ, ಅಸ್ತಿತ್ವ. ಈ ಮೂರನ್ನು ಹಿಂದೆ ಮುಂದೆ ಮಾಡಿದರೆ ಯಾವ ಸಿನಿಮಾಕ್ಕೂ ವಿಮರ್ಶೆ ರೆಡಿ ಎಂಬುದು ನನ್ನ ಸಂಶೋಧನೆ.

ಟಾಕೀಸಿನ ಮುಂದೆ ನಮ್ಮ ಬಸ್ಸೇ ನಿಂತಿತು. ಇಳಿದವರಲ್ಲಿ ಮುಕ್ಕಾಲು ಪಾಲು ಟಾಕೀಸಿಗೇ ನುಗ್ಗಿದರು. ನಾವೆಲ್ಲ ಒಳಗೆ ಹೋದ ಮೇಲೆಯೇ ದೀಪ ಆರಿತು. ನಮಗಾಗಿಯೇ ಕಾದಿದ್ದಾರಲ್ಲ, ಎಂಥಾ ಮರ್ಯಾದೆ ಎಂದುಕೊಂಡೆ.

ಆಮೇಲೆ ಏನು ಹೇಳಲಿ! ಮೊದಲ ದೃಶ್ಯದಲ್ಲೇ ನನ್ನ ಬಾಯಿ ತೆರೆದದ್ದು ಇಂಟರ್‌ವಲ್‌ವರೆಗೆ ಮುಚ್ಚಲಿಲ್ಲ. ದೊಡ್ಡ ವೇದಿಕೆ. ಮುಖ್ಯಮಂತ್ರಿ ಭಾಷಣ ಮಾಡುತ್ತಿದ್ದಾನೆ. ಅವನ ಮುಖ ತೋರಿಸುವುದೇ ಇಲ್ಲ, ಮೈಕಿನ ಮುಂದೆ ಆಡುವ ಕೈ ಮಾತ್ರ. ಆ ಕೈ ನೀರಿನ ಲೋಟ ಎತ್ತುತ್ತದೆ. ಎರಡು ಗುಟುಕು. ಲೋಟ ಬಿದ್ದ ಸದ್ದು ಮೈಕಿನಲ್ಲಿ ಗುಡುಗಿನ ಹಾಗೆ ಕೇಳುತ್ತದೆ. ಜನ ಅದನ್ನೂ ಭಾಷಣದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟುತ್ತಾರೆ!

ಈ ವಿಷದ ಕೊಲೆಯನ್ನು ಪತ್ತೆ ಹಚ್ಚಲು ಹೊರಡುವವನು ಪೊಲೀಸಲ್ಲ, ಸೆಕ್ರೆಟೇರಿಯೇಟಿನ ಒಬ್ಬ ಟೈಪಿಸ್ಟು. ಮುಖ್ಯಮಂತ್ರಿ ಸದಾ ಮನೆಯಿಂದ ತಂದ ತಾಮ್ರದ ಚೊಂಬಿನಲ್ಲೇ ನೀರು ಕುಡಿಯುವವನು. ಆವತ್ತು ಮಾತ್ರ ಗಾಜಿನ ಲೋಟ ಯಾಕೆ ಬಂತು? ಚೊಂಬು ಬೇಡ ಎಂದವರು ಯಾರು? ಆ ಆದೇಶದ ಫೈಲು ಎಲ್ಲಿ? ಓಡುವ ಕಾರಿಲ್ಲ, ಹಾರುವ ಗುಂಡಿಲ್ಲ. ಒಂದು ಫೈಲು ಮೇಜಿನಿಂದ ಮೇಜಿಗೆ ಹೋಗುತ್ತದೆ, ಈ ಬಡಪಾಯಿ ಟೈಪಿಸ್ಟು ಅದರ ಹಿಂದೆ. ಒಬ್ಬ ಗುಮಾಸ್ತ "ಮೇಲಕ್ಕೆ ಹೋಗಿದೆ" ಎನ್ನುತ್ತಾನೆ, ಇನ್ನೊಬ್ಬ "ಕೆಳಕ್ಕೆ ಬಂದಿದೆ" ಎನ್ನುತ್ತಾನೆ. ನನಗಂತೂ ಎದೆ ಡವಡವ. ತಾಲ್ಲೂಕು ಆಫೀಸಿನಲ್ಲಿ ಜಾತಿ ಸರ್ಟಿಫಿಕೇಟಿಗೆ ಅಲೆದ ನನಗೆ ಇದಕ್ಕಿಂತ ಭಯಾನಕ ಕಥೆ ಇನ್ನೊಂದಿಲ್ಲ.

ಕೊನೆಗೆ ಫೈಲಿನ ಜಾಡು ಹಿಡಿದು ಟೈಪಿಸ್ಟು ಒಂದು ಹಳೆಯ ಕಟ್ಟಡದ ಮೆಟ್ಟಿಲು ಹತ್ತುತ್ತಾನೆ. ಮೂರು ಮಹಡಿ. ಬೂಟಿನ ಸದ್ದು. ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆಯುತ್ತದೆ. ಅವನ ಮುಖದ ಮೇಲೆ ಬೆಳಕು ಬೀಳುತ್ತದೆ.

ಫಟ್! ಹೊಸ ಮುಖ್ಯಮಂತ್ರಿಯ ಪ್ರಮಾಣವಚನ. ಹಾರ, ಬ್ಯಾಂಡು. ಗುಂಪಿನ ನಡುವೆ ನಿಂತು ಟೈಪಿಸ್ಟು ಚಪ್ಪಾಳೆ ತಟ್ಟುತ್ತಿದ್ದಾನೆ. ಶುಭಂ.

ಕೊಂದವನು ಯಾರು? ಬಾಗಿಲು ತೆಗೆದವನು ಯಾರು? ತೋರಿಸಲೇ ಇಲ್ಲ! ನನ್ನ ರೋಮ ಎದ್ದು ನಿಂತಿತು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಜನ ಓಡುತ್ತಿದ್ದರು, ನಾನು ಮಾತ್ರ ಕುರ್ಚಿಯಲ್ಲಿ ಅಸ್ತಿತ್ವದ ಬಗ್ಗೆ ಯೋಚಿಸುತ್ತ ಕೂತಿದ್ದೆ. ಬಸ್ಸಿನ ಹಿಂದೆ ಓಡಿ ಏಣಿ ಹಿಡಿದು ನೇತಾಡಿಕೊಂಡು ಊರು ಸೇರಬೇಕಾಯಿತು. ಕತ್ತಲಲ್ಲಿ ಬರೆದ ನೋಟ್ಸು ತೆರೆದರೆ ಒಂದೇ ಗೆರೆಯ ಮೇಲೆ ಹದಿನೈದು ಸಾಲು ಬರೆದಿದ್ದೆ. ಓದಲು ಬಂದದ್ದು "ಚೊಂಬು" ಎಂಬ ಪದ ಮಾತ್ರ.

ಶನಿವಾರ ಅವ್ವನ ಮುಂದೆ ಭಾಷಣದ ಅಭ್ಯಾಸ ಮಾಡಿದೆ. ಅವ್ವ ಮೊರದಲ್ಲಿ ಶೇಂಗಾ ಬೀಜ ಹಸನು ಮಾಡುತ್ತ ಕೇಳಿದಳು.

"ಎಲ್ಲಾ ಸರಿ, ಕೊಂದೋನು ಯಾರ್ಲಾ?"

"ಅದೇ ಗೊತ್ತಾಗಲ್ಲ ಅವ್ವ. ಅದೇ ಅದರ ದೊಡ್ಡಸ್ತಿಕೆ."

"ಗೊತ್ತಾಗ್ಲಿಲ್ಲ ಅಂದ್ರೆ ನಿದ್ದೆ ಹೊಡೆದಿರ್ತೀಯ ಬಿಡು," ಎಂದು ಹುಳುಕು ಬೀಜವೊಂದನ್ನು ಬಿಸಾಡಿದಳು.

ಅವ್ವನಿಗೆ ಕಲೆ ಅರ್ಥವಾಗುವುದಿಲ್ಲ ಎಂದು ಮರುಗಿದೆ.

ಭಾನುವಾರ ಪ್ರೆಸ್ಸಿನ ಮಹಡಿಯ ಮೇಲೆ ಓದುಗರ ಕೂಟ. ಇಪ್ಪತ್ತು ಜನ ಇದ್ದರು. ಮೇಷ್ಟರು, ಔಷಧಿ ಅಂಗಡಿಯವರು, ಮಂಡಿಯ ಇಬ್ಬರು ಮೂವರು. ನಾನು ನಲವತ್ತು ನಿಮಿಷ ಮಾತಾಡಿದೆ. ಅಲ್ಲ, ಹಾರಾಡಿದೆ. ಚೊಂಬು ಎತ್ತಿ ತೋರಿಸುವ ಭರದಲ್ಲಿ ಸಂಪಾದಕರ ಮುಂದಿದ್ದ ನೀರಿನ ಲೋಟವನ್ನೇ ಬೀಳಿಸಿದೆ. ಕೊನೆಗೆ ದನಿ ಇಳಿಸಿ ಹೇಳಿದೆ: "ನಿರ್ದೇಶಕರು ಕೊಲೆಗಾರನನ್ನು ತೋರಿಸುವುದಿಲ್ಲ. ಯಾಕೆ? ಆ ಬಾಗಿಲಿನ ಹಿಂದೆ ಇರುವುದು ನಾವು! ನೀವು! ಟೈಪಿಸ್ಟು ಪಾಪ, ಏನೂ ತಿಳಿಯದ ಮುಗ್ಧ. ಆ ಮುಗ್ಧತೆಯಿಂದಲೇ ಚಪ್ಪಾಳೆ ತಟ್ಟುತ್ತಾನೆ. ಇಡೀ ದೇಶದಲ್ಲಿ ಇಷ್ಟು ಧೈರ್ಯದ ಮುಕ್ತಾಯ ಇನ್ನೊಂದಿಲ್ಲ!"

ಜೋರು ಚಪ್ಪಾಳೆ. ಸಂಪಾದಕರೂ ತಲೆ ಆಡಿಸಿದರು. ಅಂಕಣ ನನ್ನದಾಯಿತು ಎಂದು ಎದೆ ಉಬ್ಬಿತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಮುದುಕರು ಎದ್ದು ನಿಂತರು. ತಾಲ್ಲೂಕು ಆಫೀಸಿನಲ್ಲಿ ಮೂವತ್ತು ವರ್ಷ ಟೈಪಿಸ್ಟಾಗಿದ್ದು ರಿಟೈರಾದವರು. ಕೂಟಕ್ಕೆ ತಪ್ಪದೆ ಬರುವವರು, ಎಂದೂ ಬಾಯಿ ಬಿಡದವರು.

"ಅಲ್ಲಪ್ಪಾ ತಮ್ಮಾ, ತೋರಿಸ್ತಾರಲ್ಲ!"

"ಏನು ಅಜ್ಜಾರೆ?"

"ಬಾಗಿಲು ತೆಗೆದೋನ್ನ. ಹತ್ತು ನಿಮಿಷ ತೋರಿಸ್ತಾರೆ. ಎದುರಿಗೇ ಕೂತು ಮಾತಾಡ್ತಾನೆ. ನಾನು ನಿನ್ನಷ್ಟಿದ್ದಾಗ ಮೂರು ಸಲ ನೋಡಿದೀನಿ."

ಇಪ್ಪತ್ತು ತಲೆ ಅವರ ಕಡೆಯಿಂದ ನನ್ನ ಕಡೆ ತಿರುಗಿದವು.

"ಅಜ್ಜಾರೆ, ನೀವು ಬೇರೆ ಸಿನಿಮಾ ನೋಡಿರ್ಬೇಕು."

"ಚೊಂಬಿನ ಸಿನಿಮಾ ಎಷ್ಟು ಅವೆಯಪ್ಪಾ ಲೋಕದಾಗೆ?"

ಎಲ್ಲರೂ ಘೊಳ್ಳೆಂದರು. ನನ್ನ ಕಿವಿ ಬಾಣಲೆಯ ಹಾಗೆ ಕಾದವು. ನೀವೇ ಹೇಳಿ, ಯಾರವನು ಎಂದು ಕೇಳಿದೆ. ಅವರು ಚಪ್ಪಲಿ ಹುಡುಕುತ್ತ ಹೇಳಿದರು: "ನಾನು ಹೇಳಲ್ಲ. ಟೈಪಿಸ್ಟು ಏನೂ ತಿಳೀದೆ ಚಪ್ಪಾಳೆ ಹೊಡೀತಾನೆ ಅಂದಲ್ಲ, ಅದು ನಂಗೆ ಬೇಜಾರಾತು. ಹೋಗಿ ನೋಡು. ನೋಡಿ ಆಮೇಲೆ ಬಂದು ಮುಗ್ಧ ಅನ್ನು."

ಸಂಪಾದಕರು ನನ್ನನ್ನು ಮೂಲೆಗೆ ಕರೆದರು. "ಲೇ, ನಿದ್ದೆ ಮಾಡಿದ್ಯಾ?"

"ಅವ್ವನಾಣೆಗೂ ಇಲ್ಲ ಸಾರ್!"

"ಹಂಗಾದ್ರೆ ಏನಾಗೈತೆ ನೋಡ್ಕೊಂಡು ಬಾ. ಗುರುವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಸರಿಯಾದ್ದು ಇರ್ಬೇಕು. ಇಲ್ಲಾಂದ್ರೆ ಮೇಷ, ವೃಷಭ ಶುರು ಮಾಡು."

ಮಂಗಳವಾರ ಮಿಲ್ಲಿಗೆ ಮತ್ತೆ ಹೊಟ್ಟೆನೋವು. ಬಸ್‌ಸ್ಟ್ಯಾಂಡಿಗೆ ಹೋದರೆ ಟೈಪಿಸ್ಟಜ್ಜ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಆಗಲೇ ಕಿಟಕಿ ಪಕ್ಕ ಕೂತಿದ್ದರು. "ನೀನು ಇನ್ನೊಂದು ಸಲ ತಪ್ಪು ನೋಡ್ಕೊಂಡು ಬಂದ್ರೆ ಕಷ್ಟ," ಎಂದರು.

ಮೊಳಕಾಲ್ಮೂರಿನಲ್ಲಿ ಇಳಿದವನೇ ಟಾಕೀಸಿನ ಹಿಂದಿನ ಕಬ್ಬಿಣದ ಏಣಿ ಹತ್ತಿ ಆಪರೇಟರ್ ರೂಮಿಗೆ ನುಗ್ಗಿದೆ. ಆಪರೇಟರ್ ಬನಿಯನ್ನಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದ. ವಿಷಯ ಹೇಳಿದೆ. ಅವನು ಕೈ ಕೂಡ ತೊಳೆಯದೆ ಮೂಲೆಯ ಡಬ್ಬಿಯೊಂದನ್ನು ಕಾಲಿನಿಂದ ತೋರಿಸಿದ.

"ಅದಾ? ಅದು ಬಸ್ ರೀಲು."

"ಬಸ್ ರೀಲು ಅಂದ್ರೆ?"

"ಏಮಯ್ಯಾ, ಓದಿದೋನಿಗೆ ಇಷ್ಟೂ ಗೊತ್ತಿಲ್ವಾ? ಬಸ್ಸು ಬಂದ ಮೇಲೆ ಸಿನಿಮಾ ಶುರು ಮಾಡ್ಬೇಕು, ಇಲ್ಲಾಂದ್ರೆ ಜನ ಇರಲ್ಲ. ಐದೂಕಾಲಿಗೆ ಅದೇ ಬಸ್ಸು ವಾಪಸ್ ಹೋಗ್ತೈತೆ. ಆಮೇಲೆ ಎಂಟು ಗಂಟೆವರೆಗೂ ಬಸ್ಸಿಲ್ಲ. ಸಿನಿಮಾ ಉದ್ದ ಇದ್ರೆ ಒಂದು ರೀಲು ಬಿಡ್ತೀನಿ. ಫೈಟು ಬಿಟ್ರೆ ಬೈತಾರೆ, ಹಾಡು ಬಿಟ್ರೆ ಕುರ್ಚಿ ಮುರೀತಾರೆ. ಇದ್ರಾಗೆ ಇಬ್ರು ಕೂತ್ಕೊಂಡು ಬರೀ ಮಾತಾಡ್ತಾರೆ. ಹದಿಮೂರನೇದು. ಬಿಟ್ಟೆ. ಒಬ್ರೂ ಕೇಳ್ಲಿಲ್ಲ."

ನಾನು ಗೋಡೆ ಹಿಡಿದುಕೊಂಡೆ. ದೇಶದಲ್ಲೇ ಇಲ್ಲದ ಧೈರ್ಯದ ಮುಕ್ತಾಯ ಎಂದು ನಾನು ಹೊಗಳಿದ ಕಲೆ ಯಾವ ನಿರ್ದೇಶಕನದೂ ಅಲ್ಲ, ಐದೂಕಾಲಿನ ಬಸ್ಸಿನದು.

"ಅಣ್ಣಾ, ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಹಾಕು."

"ಹಾಕ್ತೀನಿ. ಬಸ್ಸು ಯಾರು ನಿಲ್ಲಿಸ್ತಾರೆ, ನೀನಾ? ಹಾರ್ನ್ ಕೇಳಿದ್ರೆ ಒಬ್ರೂ ಕೂರಲ್ಲ. ಖಾಲಿ ಕುರ್ಚಿಗೆ ಓಡಿಸ್ಲಾ?"

ಏಣಿ ಇಳಿಯುವಾಗ ಎರಡು ಮೆಟ್ಟಿಲು ಒಟ್ಟಿಗೇ ಇಳಿದೆ, ಬೇಕೆಂದಲ್ಲ. ಕುಂಟುತ್ತ ಎದುರಿನ ಚಾ ಅಂಗಡಿಗೆ ಹೋದೆ. ಡ್ರೈವರ್ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದ. ಅರ್ಧ ಮೀಸೆ ಬೆಳ್ಳಗಿದ್ದ ದೊಡ್ಡ ಆಳು. ಏನು ಹೇಳಬೇಕೆಂದು ತಿಳಿಯದೆ ನೇರವಾಗಿ ಕಥೆ ಶುರು ಮಾಡಿಬಿಟ್ಟೆ. ಕೈ, ಮೈಕು, ಚೊಂಬು, ಲೋಟ, ಫೈಲು, ಮೆಟ್ಟಿಲು. ಬಾಗಿಲ ಹತ್ತಿರ ಬಂದು ನಿಲ್ಲಿಸಿದೆ. ಡ್ರೈವರ್ ಕೈಯಲ್ಲಿದ್ದ ಮೆಣಸಿನಕಾಯಿ ಬಾಯಿಯ ಹತ್ತಿರವೇ ನಿಂತಿತ್ತು.

"ಆಮೇಲೆ?"

"ಅದೇ ಗೊತ್ತಿಲ್ಲ ಅಣ್ಣಾ. ಅದು ಗೊತ್ತಾಗ್ಬೇಕಂದ್ರೆ ನೀನು ಹಾರ್ನ್ ಹೊಡೀಬಾರ್ದು."

ಅವನು ಮೆಣಸಿನಕಾಯಿ ತಟ್ಟೆಗಿಟ್ಟ. ಆಮೇಲೆ ನಿಧಾನವಾಗಿ ಹೇಳಿದ: "ಆರು ವರ್ಷ ಆತಪ್ಪಾ ಈ ರೂಟಿಗೆ ಬಂದು. ಈ ಟಾಕೀಸಿನ ಮುಂದೆ ದಿನಾ ನಿಲ್ಲಿಸ್ತೀನಿ. ಒಂದು ಸಿನಿಮಾನೂ ನೋಡಿಲ್ಲ. ಒಳಗಿಂದ ಡೈಲಾಗ್ ಕೇಳ್ತೈತೆ. ಹಾರ್ನ್ ಹೊಡೆಯೋದಷ್ಟೇ ನನ್ನ ಪಾರ್ಟು." ಕಂಡಕ್ಟರ್ ಕಡೆ ತಿರುಗಿದ. "ಲೇ, ನಾನಿಲ್ದೆ ಬಸ್ಸು ಹೋಗ್ತೈತಾ?"

"ತಳ್ಳಿದ್ರೆ ಹೋಗ್ತೈತೆ," ಎಂದ ಕಂಡಕ್ಟರ್.

"ಹತ್ತು ನಿಮಿಷ. ತಳಕಿನಾಗೆ ಟೀಗೆ ನಿಲ್ಲಿಸಲ್ಲ. ನಡೀರಿ."

ಹೀಗೆ ಆ ಮಂಗಳವಾರ ನಾನು, ಟೈಪಿಸ್ಟಜ್ಜ, ಡ್ರೈವರ್, ಕಂಡಕ್ಟರ್ ನಾಲ್ವರೂ ಒಂದೇ ಸಾಲಿನಲ್ಲಿ ಕೂತೆವು. ಎರಡನೆಯ ಸಲ ನೋಡುತ್ತಿದ್ದರೂ ಲೋಟ ಬಿದ್ದಾಗ ನಾನು ಮತ್ತೆ ಬೆಚ್ಚಿದೆ. ಡ್ರೈವರ್ ಅಂತೂ "ಕುಡೀಬ್ಯಾಡ್ವೋ!" ಎಂದು ಕೂಗೇ ಬಿಟ್ಟ. ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಅವನ ಬಲಗಾಲು ಬ್ರೇಕು ತುಳಿಯುತ್ತಿತ್ತು.

ಟೈಪಿಸ್ಟು ಮೆಟ್ಟಿಲು ಹತ್ತಲು ಶುರು ಮಾಡಿದ. ಅಷ್ಟರಲ್ಲಿ ಅಲ್ಲಲ್ಲಿ ಕುರ್ಚಿ ಕಿರುಗುಟ್ಟಿದವು. ಐದು ಗಂಟೆಯಾಗಿತ್ತು, ಜನ ಹೊತ್ತು ನೋಡಿಕೊಂಡು ಚೀಲ ಹೆಗಲಿಗೇರಿಸಿ ಎದ್ದರು. ನನಗೆ ಜೀವ ಹೋದ ಹಾಗಾಯಿತು. ಓಡಿ ಪರದೆಯ ಮುಂದೆ ನಿಂತೆ. ಬೆಳಕು ಕಣ್ಣಿಗೆ ಹೊಡೆದು ಏನೂ ಕಾಣಲಿಲ್ಲ. ಪರದೆಯ ಮೇಲೆ ಟೈಪಿಸ್ಟನ ಪಕ್ಕ ನನ್ನ ಕರಿ ನೆರಳು ಆನೆಯಷ್ಟು ದೊಡ್ಡದಾಗಿ ಕೈ ಬೀಸುತ್ತಿತ್ತು.

"ಕೂತ್ಕೊಳ್ರೀ! ಬಸ್ಸು ಹೋಗಲ್ಲ! ಇನ್ನೊಂದು ರೀಲು ಐತೆ!"

"ಯಾವೋನ್ಲೇ ಅವ್ನು, ಇಳೀಲೇ ಕೆಳಗೆ!"

"ಸಿನಿಮಾದಾಗೆ ಇವ್ನು ಯಾವಾಗ ಬಂದ?"

ಶೇಂಗಾ ಸಿಪ್ಪೆ ಬಂತು, ಒಂದು ಚಪ್ಪಲಿ ಬಂತು. ಚಪ್ಪಲಿ ತಪ್ಪಿಸಿಕೊಳ್ಳಲು ಬಗ್ಗಿದೆ, ಅದು ಸೀದಾ ಪರದೆಯ ಮೇಲಿದ್ದ ಬಾಗಿಲಿಗೆ ಬಡಿಯಿತು. ಟೈಪಿಸ್ಟು ಬಾಗಿಲು ತಟ್ಟುವುದಕ್ಕೆ ಮುಂಚೆ ನಮ್ಮ ಕಡೆಯಿಂದಲೇ ಯಾರೋ ತಟ್ಟಿದ ಹಾಗಾಯಿತು. ಅಷ್ಟರಲ್ಲಿ ಡ್ರೈವರ್ ಎದ್ದು ನಿಂತು, ಬೆಳಕಿಗೆ ಕೈ ಚಾಚಿ ಬಸ್ಸಿನ ಕೀಲಿ ಎತ್ತಿ ಹಿಡಿದ. ಪರದೆಯ ಮೇಲೆ ಕೀಲಿಯ ನೆರಳು ತೂಗಾಡಿತು.

"ನಾನು ಇಲ್ಲೇ ಇದೀನಿ. ಕೂತ್ಕೊಳ್ರಪ್ಪಾ ಸುಮ್ಕೆ."

ನಾನು ಗಂಟಲು ಹರಿದುಕೊಂಡು ಕೂಗಿದರೂ ಆಗದ ಕೆಲಸ ಆ ಕೀಲಿಯಿಂದ ಆಯಿತು. ಇಡೀ ಟಾಕೀಸು ಕೂತಿತು. ಮೇಲೆ ಆಪರೇಟರ್ ಹದಿಮೂರನೇ ರೀಲು ಏರಿಸಿದ.

ಬಾಗಿಲು ತೆರೆಯಿತು. ಬನಿಯನ್ನು, ಪಂಚೆಯಲ್ಲಿ ನಿಂತಿದ್ದವನು ಆಫೀಸಿನ ಹೆಡ್‌ಕ್ಲರ್ಕು! ಮೊದಲಿಂದಲೂ ಟೈಪಿಸ್ಟನಿಗೆ ತನ್ನ ಬುತ್ತಿಯಲ್ಲಿ ಪಾಲು ಕೊಡುತ್ತಿದ್ದ ತಂಪು ಸ್ವಭಾವದ ಮನುಷ್ಯ. "ಬಾಪ್ಪಾ, ಊಟ ಮಾಡು" ಎಂದು ಎಲೆ ಹಾಕುತ್ತಾನೆ. ಅನ್ನ ಬಡಿಸುತ್ತಾನೆ. ಯಾರು ಹೇಳಿದರು, ಯಾಕೆ ಹೇಳಿದರು, ಎಲ್ಲವನ್ನೂ ಮದುವೆಯ ಮಾತಾಡಿದ ಹಾಗೆ ಮೆಲ್ಲಗೆ ಹೇಳುತ್ತಾನೆ. ಟೈಪಿಸ್ಟು ಕಿರುಚುತ್ತಾನೆ: ಚೊಂಬು ತೆಗೆದು ಗಾಜಿನ ಲೋಟ ಇಡಿ ಎಂಬ ಆದೇಶ ಯಾರು ಬರೆದರು? ಹೆಡ್‌ಕ್ಲರ್ಕು ಎದ್ದು ಟ್ರಂಕಿನಿಂದ ಒಂದು ಕಾರ್ಬನ್ ಪ್ರತಿ ತೆಗೆದು ಎಲೆಯ ಪಕ್ಕ ಇಡುತ್ತಾನೆ. ಕಾಗದದ ಕೆಳಗೆ, ಮೂಲೆಯಲ್ಲಿ, ಟೈಪು ಮಾಡಿದವನ ಚಿಕ್ಕ ಸಹಿ. ನಮ್ಮ ಟೈಪಿಸ್ಟನದೇ. ಒಂದು ಮಧ್ಯಾಹ್ನ ಐವತ್ತು ಕಾಗದಗಳ ನಡುವೆ ಅದನ್ನೂ ಓದದೆ ಹೊಡೆದು ಕೊಟ್ಟಿದ್ದ.

ಕ್ಯಾಮೆರಾ ಅಲ್ಲಾಡುವುದಿಲ್ಲ. ಟೈಪಿಸ್ಟು ಕಾಗದ ನೋಡುತ್ತಾನೆ. ಎಲೆ ನೋಡುತ್ತಾನೆ. ಹೆಡ್‌ಕ್ಲರ್ಕು ಮೊಸರು ಬಡಿಸುತ್ತಾನೆ. ಎಷ್ಟೋ ಹೊತ್ತಾದ ಮೇಲೆ ಟೈಪಿಸ್ಟು ಕೈ ಚಾಚಿ ಅನ್ನ ಕಲಸುತ್ತಾನೆ.

ಟಾಕೀಸಿನಲ್ಲಿ ಶೇಂಗಾ ಅಗಿಯುವ ಸದ್ದು ಕೂಡ ನಿಂತಿತ್ತು. ಆಮೇಲೆ ಅದೇ ಪ್ರಮಾಣವಚನ, ಅದೇ ಹಾರ, ಅದೇ ಬ್ಯಾಂಡು, ಅದೇ ಚಪ್ಪಾಳೆ. ಒಂದು ಚೂರೂ ಬದಲಾಗಿಲ್ಲ. ಆದರೆ ಶುಕ್ರವಾರ ಮಗುವಿನ ಹಾಗೆ ಕಂಡಿದ್ದ ಆ ಮುಖವನ್ನು ಈಗ ನನ್ನಿಂದ ನೋಡಲಾಗಲಿಲ್ಲ. ಇಂಥಾ ಸಿನಿಮಾ! ನಾನು ಇದನ್ನು ಎಷ್ಟು ಹೊಗಳಿದ್ದೆನೋ ಅದಕ್ಕಿಂತ ಹತ್ತು ಪಟ್ಟು ದೊಡ್ಡದು, ಮತ್ತು ನಾನು ಹೊಗಳಿದ ಒಂದೊಂದು ಕಾರಣವೂ ತಪ್ಪು! ಎದ್ದು ಕುಣಿಯಬೇಕೆನ್ನಿಸಿತು. ಕಾಲು ಉಳುಕಿದ್ದರಿಂದ ಆಗಲಿಲ್ಲ.

ಬಸ್ಸು ಹೊರಟಾಗ ಐದೂವರೆ ದಾಟಿತ್ತು. ಒಬ್ಬರೂ ಬೈಯಲಿಲ್ಲ, ಯಾಕೆಂದರೆ ಯಾರಿಗೂ ಪುರುಸೊತ್ತಿರಲಿಲ್ಲ.

"ಅವ್ನು ಉಣ್ಬಾರ್ದಾಗಿತ್ತು," ಎಂದ ಡ್ರೈವರ್ ಗೇರು ಬದಲಾಯಿಸುತ್ತ. "ಎಲೆ ಬಿಟ್ಟು ಎದ್ದು ಬರ್ಬೇಕಿತ್ತು."

"ಎದ್ದು ಎಲ್ಲಿಗೆ ಹೋಗ್ತಿದ್ದ? ಪೊಲೀಸಿನಾಗೆ ಹೇಳಿದ್ರೆ ಅವ್ನ ಸಹಿನೇ ಐತಲ್ಲ," ಎಂದ ಕುರಿ ಸಂತೆಗೆ ಹೋಗಿ ಬಂದವನೊಬ್ಬ.

"ಹಸಿದಿದ್ದ ಪಾಪ. ಬೆಳಿಗ್ಗಿಂದ ಅಲೆದಾನೆ," ಎಂದಳು ಮುಂದಿನ ಸೀಟಿನ ಹೆಂಗಸು.

"ಹಸಿದೋರೆಲ್ಲಾ ಹಂಗೆ ಉಣ್ತಾರೇನಮ್ಮಾ?"

"ಉಣ್ತಾರೆ. ನೀನು ಹಸ್ದಿಲ್ಲ, ಅದಕ್ಕೇ ಮಾತಾಡ್ತೀಯ."

ನಾನು ನೋಟ್‌ಬುಕ್ಕು ತೆಗೆದು ಬರೆಯತೊಡಗಿದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಕುರಿಮರಿಗಳ ಹಾಗೆ ಎಗರಾಡಿದವು, ಆದರೂ ಓದಲು ಬರುತ್ತಿದ್ದವು. ಟೈಪಿಸ್ಟಜ್ಜ ಕಿಟಕಿಯಿಂದ ಹೊರಗೆ ನೋಡುತ್ತಿದ್ದವರು ತಟ್ಟನೆ ಹೇಳಿದರು:

"ಈ ಸಿನಿಮಾ ನೋಡಿ ಬಂದ ಮಾರನೇ ದಿನದಿಂದ ನಾನು ಪ್ರತಿ ಕಾಗದನೂ ಓದಿನೇ ಹೊಡೆದೆ ತಮ್ಮಾ. ಮೂವತ್ತು ವರ್ಷ. ನಿಧಾನ, ಶುದ್ಧ ಸೋಮಾರಿ ಅಂತ ಎಲ್ಲಾ ಸಾಹೇಬ್ರೂ ಬೈದ್ರು. ಪ್ರಮೋಷನ್ನೂ ಬರ್ಲಿಲ್ಲ."

"ಓದಿದ್ರಾಗೆ ಏನಾದ್ರೂ ಸಿಕ್ತಾ ಅಜ್ಜಾರೆ?"

"ಎಲ್ಲಾ ರಜಾ ಅರ್ಜಿ, ಬೋರ್‌ವೆಲ್ಲು," ಎಂದು ನಕ್ಕರು. "ಒಂದು ಕೊಲೆನೂ ಸಿಗ್ಲಿಲ್ಲ. ಆದ್ರೂ ಓದಿದೆ."

ಗುರುವಾರ ಬೆಳಿಗ್ಗೆ ಸಂಪಾದಕರ ಮೇಜಿನ ಮೇಲೆ ಆರು ಹಾಳೆ ಇಟ್ಟೆ. ಮೊದಲ ಸಾಲು ಹೀಗಿತ್ತು: "ಭಾನುವಾರ ನಾನು ಹೊಗಳಿದ ಸಿನಿಮಾವನ್ನು ನಾನು ಪೂರ್ತಿ ನೋಡಿರಲಿಲ್ಲ." ಆಮೇಲೆ ಬಸ್ಸಿನ ಜಗಳ, ಊಟ ಮಾಡಬೇಕಿತ್ತೋ ಬೇಡವೋ ಎಂಬುದು. ಕಡೆಯಲ್ಲಿ ಅಜ್ಜನ ಮೂವತ್ತು ವರ್ಷ, ಅವರ ಹೆಸರಿಲ್ಲದೆ. ಆಪರೇಟರನಿಗೆ ತೊಂದರೆಯಾಗಬಾರದೆಂದು ಟಾಕೀಸಿನ ಹೆಸರೂ ಹಾಕಿರಲಿಲ್ಲ.

ಸಂಪಾದಕರು ಕೆಂಪು ಪೆನ್ನು ಹಿಡಿದು ಓದಿದರು. ಮೂರು ಹಾಳೆ ತೆಗೆದು ಪಕ್ಕಕ್ಕಿಟ್ಟರು. ಉಳಿದದ್ದರಲ್ಲೂ ಅಲ್ಲಲ್ಲಿ ಗೆರೆ ಎಳೆದರು. ಕೊನೆಗೆ ಪೆನ್ನು ಮೊದಲ ಸಾಲಿನ ಮೇಲೆ ಬಂದು ನಿಂತಿತು.

"ಇದು ಯಾಕೆ ಬೇಕು? ಕೂಟಕ್ಕೆ ಬಂದಿದ್ದು ಇಪ್ಪತ್ತು ಜನ. ಪೇಪರ್ ಓದೋರು ಸಾವಿರ. ಅಚ್ಚಾದ್ರೆ ಸಾವಿರ ಜನಾನೂ ನಗ್ತಾರೆ. ತೆಗೀಲಾ?"

ನನ್ನ ಹೆಸರು ಮೊದಲ ಸಲ ಅಚ್ಚಾಗುವುದು ಆ ಸಾಲಿನ ಮೇಲೇ ಎಂಬುದು ಆಗ ಹೊಳೆಯಿತು.

"ಇರ್ಲಿ ಸಾರ್. ಅದು ತೆಗೆದ್ರೆ ಉಳಿದಿದ್ದು ಯಾರೂ ನಂಬಲ್ಲ."

ಅವರು ಪೆನ್ನಿಗೆ ಕ್ಯಾಪು ಹಾಕಿದರು. ಹಾಳೆಗಳನ್ನು ಅಚ್ಚಿನ ಮೊಳೆ ಜೋಡಿಸುವವನ ಕೈಗೆ ಕೊಟ್ಟು, "ನಾಲ್ಕನೇ ಪುಟ, ಮೇಲಿನ ಅರ್ಧ," ಎಂದರು. ನನಗೆ ಹೇಳಿದರು: "ಸಾಯಂಕಾಲ ಬಂದು ಪ್ರೂಫ್ ನೋಡು. ಸೋಮವಾರ ಇನ್ನೊಂದು ಬರ್ಕೊಂಡು ಬಾ. ಈ ಸಲ ಹತ್ತಿರದ ಟಾಕೀಸಿಗೇ ಹೋಗು ಮಾರಾಯ."